ಪಾಗಾರದ ಮೇಲೊಂದು ಇಸ್ಪೀಟ್ ಎಲೆ

ನಮ್ಮ ಮನೆಗೂ ಆಚೆಮನೆ ಅಕ್ಕನ ಮನೆಗೂ ನಡುವೆ ಇರುವುದು ಎದೆಮಟ್ಟದ ಮುರಕಲ್ಲಿನ ಪಾಗಾರ. ಅದಕ್ಕೆ ಗಾರೆ ಮಾಡಿಸಬೇಕು ಎಂದು ಎರಡೂ ಮನೆಯವರು ಹೇಳಿಕೊಳ್ಳುತ್ತಾ ಎಷ್ಟೋ ಮಳೆಗಾಲ ಕಳೆದವು. ಮಾಡಿಸದೆ ಇದ್ದದ್ದೇ ಒಳ್ಳೆಯದಾಯಿತು. ಎತ್ತರ ಮಾಡಿ ಗಾರೆ ಬಳಿದು ಬಣ್ಣ ಹೊಡೆದಿದ್ದರೆ ಅದು ಕಾಂಪೌಂಡ್ ಆಗಿಬಿಡುತ್ತಿತ್ತು, ಕಾಂಪೌಂಡಿನ ಮೇಲೆ ಮೊಣಕೈ ಊರಿ ಮಾತಾಡಲು ಬರುವುದಿಲ್ಲ. ಈಗ ಕೊಕ್ಕರ್ಣೆ ಪೇಟೆಯಲ್ಲಿ ಸಂಜೆ ಬಸ್ಸಿನಿಂದ ಇಳಿದವರು ಯಾರ ಮನೆಯ ನೆಂಟರು ಎಂಬಲ್ಲಿಂದ ಹಿಡಿದು, ಮಂದಾರ್ತಿಯ ಐದು ಯಕ್ಷಗಾನ ಮೇಳದಲ್ಲಿ ಇವತ್ತು ಯಾವುದರ ಆಟ ಎಲ್ಲಿ ಎಂಬಲ್ಲಿವರೆಗೆ ಎಲ್ಲ ಸುದ್ದಿಯೂ ಈ ಕಲ್ಲಿನ ಮೇಲೆಯೇ ಹಾದುಹೋಗುತ್ತದೆ.

ಸಂಕ್ರಾಂತಿ ಕಳೆದ ವಾರ. ಅಕ್ಕ ಅಂಗಳದಲ್ಲಿ ಹರಡಿದ್ದ ಅಡಿಕೆಯನ್ನು ಕಾಲಿನಲ್ಲೇ ತಿರುವಿ, ಸೆರಗಿನ ತುದಿಯಿಂದ ಏನನ್ನೋ ತೆಗೆದು ಪಾಗಾರದ ಮೇಲಿಟ್ಟರು.

“ಹ್ವಾಯ್ ತಮ್ಮ, ನಮ್ಮನಿಯಂಗೆ ಇಸ್ಪೀಟ್ ಆಡುವರ್ ಯಾರೂ ಇಲ್ಲ. ಈ ಎಲಿ ಎಲ್ಲಿಂದ ಬಂತ್?”

ಇಸ್ಪೀಟ್ ಎಲೆಯದ್ದೇ ಅಳತೆ, ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಆದರೆ ರಾಜನೂ ಅಲ್ಲ, ಗುಲಾಮನೂ ಅಲ್ಲ. ಉದ್ದಗೀಟಿನ ಬಿಳಿ ಅಂಗಿ ತೊಟ್ಟ, ಗಡ್ಡ ಬೋಳಿಸಿದ ಒಬ್ಬ ಬಿಳಿಯ ಮನುಷ್ಯ ಕೈ ಬೀಸಿ ನಿಂತಿದ್ದಾನೆ. ಅಕ್ಕನ ನ್ಯೂಜೆರ್ಸಿಯ ಮೊಮ್ಮಗ ಡಿಸೆಂಬರ್ ರಜೆಗೆ ಬಂದು ಹೋದದ್ದು ನೆನಪಾಯಿತು. ಚಾಪೆಯ ಅಡಿಯಲ್ಲಿ ಬಿಟ್ಟು ಹೋದದ್ದಿರಬೇಕು. ಬೇಸ್‌ಬಾಲ್ ಕಾರ್ಡು. ಆಸಾಮಿ ಆಡಮ್ ಒಟ್ಟಾವಿನೋ, ಆಗ ನ್ಯೂಯಾರ್ಕ್ ಯಾಂಕೀಸ್ ಟೀಮಿನ ರಿಲೀಫ್ ಪಿಚರ್.

“ಬೆನ್ನಿಗೆ ಎಂತದ್ ಬರ್ಕಂಡಿದ್ದ ಅವ, ಸೊನ್ನೆಯಾ?”

ಸೊನ್ನೆಯೇ. ಅವನ ನಂಬರೇ 0. ಮನೆತನದ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರವೂ ಅದೇ ಆಕಾರದ್ದಲ್ಲವೆ! ಅಕ್ಕನಿಗೆ ಅದು ಹಿಡಿಸಲಿಲ್ಲ. “ಎಷ್ಟೆಲ್ಲ ನಂಬ್ರ ಇಪ್ಪತಿಗೆ ಸೊನ್ನೆ ಹಾಕ್ಕಂಬ್ದಾ? ಶಾಲಿ ಪರೀಕ್ಷೆಯಂಗ್ ಸಿಕ್ಕದ್ದ್ ಸಾಲ ಅವಂಗೆ?”

ಈ ಒಟ್ಟಾವಿನೋನ ವಿಷಯ ನನಗೆ ಗೊತ್ತಿರಲು ಕಾರಣ ಆ ಮೊಮ್ಮಗನೇ. ರಜೆಯಲ್ಲಿ ಇದೇ ಪಾಗಾರದ ಮೇಲೆ ಕುಳಿತು, ಅರ್ಧ ಇಂಗ್ಲಿಷು ಅರ್ಧ ಕುಂದಾಪ್ರ ಕನ್ನಡದಲ್ಲಿ ನಮಗೆಲ್ಲ ಪಾಠ ಮಾಡಿದ್ದ. ಬೇಸ್‌ಬಾಲಿನಲ್ಲಿ ಆಟ ಶುರುಮಾಡುವ ಪಿಚರ್ ಒಬ್ಬ. ಅವನ ಕೈ ಸೋತರೆ, ಅಥವಾ ಎದುರಿನವರು ಬಾರಿಸಲು ತೊಡಗಿದರೆ, ಅವನನ್ನು ತೆಗೆದು ಇನ್ನೊಬ್ಬನನ್ನು ಹಾಕುತ್ತಾರೆ. ಆ ಇನ್ನೊಬ್ಬನೇ ರಿಲೀಫ್ ಪಿಚರ್. ತೆಗೆದವನು ಆ ದಿನ ಮತ್ತೆ ಮೈದಾನಕ್ಕೆ ಬರುವಂತಿಲ್ಲ, ನಮ್ಮ ಕ್ರಿಕೆಟ್ಟಿನ ಹಾಗೆ ಎರಡನೇ ಸ್ಪೆಲ್ ಎಂಬುದಿಲ್ಲ. ರಿಲೀಫಿನವರೆಲ್ಲ ಮೈದಾನದ ಮೂಲೆಯ ಒಂದು ಕಟಕಟೆಯಲ್ಲಿ ಕಾದಿರುತ್ತಾರೆ. ಅದರ ಹೆಸರು ಬುಲ್‌ಪೆನ್. ಹೋರಿ ದೊಡ್ಡಿ ಎಂದರೆ ತಪ್ಪಲ್ಲ. ಆ ದೊಡ್ಡಿಗೊಂದು ಫೋನ್. ಫೋನು ಬಡಿದುಕೊಂಡಿತೆಂದರೆ ಎಲ್ಲೋ ಗದ್ದೆಗೆ ನೀರು ನುಗ್ಗಿದೆ ಎಂದೇ ಲೆಕ್ಕ. ಮೊದಲು ಎಸೆದವರು ಎದುರಾಳಿಗಳಿಂದ ತುಂಬಿಟ್ಟುಹೋದ ಬೇಸುಗಳ ನಡುವೆ ನಿಂತು ಚೆಂಡು ಎಸೆಯಬೇಕು.

“ಅಂದ್ರೆ ಇರ್ಳ್ ಎರಡ್ ಗಂಟಿ ಮೇಲ್ ಬಪ್ಪು ಭಾಗ್ವತ್ರ್!” ಎಂದರು ಅಕ್ಕ.

ಹೋಲಿಕೆ ಚಂದವೇ, ಆದರೆ ಪೂರ್ತಿ ಕೂರುವುದಿಲ್ಲ. ನಮ್ಮ ಬಡಗು ತಿಟ್ಟಿನ ಆಟದಲ್ಲಿ ರಾತ್ರಿಯ ಮೊದಲ ಭಾಗಕ್ಕೆ ಕಿರಿಯರು, ನಡುರಾತ್ರಿ ಕಳೆದ ಮೇಲೆ ಮುಖ್ಯ ಭಾಗವತರು. ಹೊತ್ತು ಮೀರಿ ಬಂದವರಿಗೇ ಮರ್ಯಾದೆ ಹೆಚ್ಚು. ಅಲ್ಲಿ ಉಲ್ಟಾ. ಹೆಸರು, ಫೋಟೋ, ಹಣ ಎಲ್ಲ ಶುರುಮಾಡುವವನಿಗೆ. ಕೊನೆಗೆ ಬಂದು ಪಂದ್ಯ ಉಳಿಸಿಕೊಟ್ಟವನ ಲೆಕ್ಕವನ್ನು ‘ಸೇವ್’ ಎಂದು ಅಧಿಕೃತವಾಗಿ ಬರೆದಿಡಲು ಶುರುಮಾಡಿದ್ದೇ 1969ರಲ್ಲಿ, ಅಷ್ಟು ಹಳೆಯ ಆಟಕ್ಕೆ ಅಷ್ಟು ತಡವಾಗಿ. ಕಡೆಗೆ ಮರಿಯಾನೋ ರಿವೇರಾ ಎಂಬ ಯಾಂಕೀಸಿನವನೇ 652 ಸೇವ್ ಮಾಡಿ, 2019ರಲ್ಲಿ ಅವರ ಹಾಲ್ ಆಫ್ ಫೇಮಿಗೆ ಒಂದು ಮತವೂ ತಪ್ಪದಂತೆ ಆಯ್ಕೆಯಾದ. ಹಾಗೆ ಸರ್ವಾನುಮತದಿಂದ ಹೋದ ಮೊದಲಿಗ ಬ್ಯಾಟು ಬೀಸುವವನಲ್ಲ, ಆ ದೊಡ್ಡಿಯಿಂದ ಬಂದವನು.

ಮೊಮ್ಮಗನ ದುಃಖ ಬೇರೆ. ಯಾಂಕೀಸಿನವರು 2021ರ ಜನವರಿ 25ರಂದು ಈ ಒಟ್ಟಾವಿನೋನನ್ನು ಬಾಸ್ಟನ್ ರೆಡ್ ಸಾಕ್ಸಿಗೆ ಟ್ರೇಡ್ ಮಾಡಿದರು. ಯಾಂಕೀಸಿಗೂ ರೆಡ್ ಸಾಕ್ಸಿಗೂ ನೂರು ವರ್ಷದ ಹಗೆ. ಬೇಬ್ ರೂತ್ ಎಂಬ ಮಹಾರಥಿಯನ್ನು ಬಾಸ್ಟನ್ನಿನವರು ಯಾಂಕೀಸಿಗೆ ಮಾರಿದ್ದು 1919ರ ಕೊನೆಗೆ. ಈಚಿನ ದಶಕಗಳಲ್ಲಂತೂ ಈ ಎರಡು ಮನೆಯ ನಡುವೆ ಕೊಟ್ಟುತರುವುದು ಅಪರೂಪ. ಸಣ್ಣ ಪ್ರಾಯದಲ್ಲಿ ಮೆಚ್ಚಿದವನನ್ನು ವೈರಿಯ ಮನೆಗೆ ಕಳಿಸಿದರೆ ಹುಡುಗನಿಗೆ ಹೇಗಾಗಬೇಡ? ಆ ಕಾರ್ಡನ್ನು ಇನ್ನೂ ಜೋಪಾನ ಮಾಡಿಕೊಂಡಿದ್ದ. ಮಾಡಿಕೊಂಡಿದ್ದ ಎಂದೆ, ಚಾಪೆಯಡಿ ಬಿಟ್ಟು ಹೋದದ್ದು ಬೇರೆ ಮಾತು.

“ಮೇಳ ಬಿಟ್ಟ ಅನ್ನ್” ಎಂದರು ಅಕ್ಕ.

“ಬಿಟ್ಟದ್ದಲ್ಲ ಅಕ್ಕ, ಕೊಟ್ಟದ್.”

“ಅವನ್ ಹತ್ರ ಕೇಣದೆಯಾ?”

ಅಲ್ಲಿ ಹತ್ತು ವರ್ಷ ದೊಡ್ಡ ಲೀಗಿನಲ್ಲಿ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ಟೀಮಿನಲ್ಲಿ ಕಳೆದವನಿಗೆ ಮಾತ್ರ ‘ನಾನು ಹೋಗುವುದಿಲ್ಲ’ ಎನ್ನುವ ಹಕ್ಕು, ಅಥವಾ ಕರಾರಿನಲ್ಲೇ ಹಾಗೆಂದು ಬರೆಸಿಕೊಂಡಿರಬೇಕು ಎಂದೆ. ಅಕ್ಕ ಅಡಿಕೆ ಕಡೆ ಕೋಳಿ ಬರುವುದನ್ನು ಹುಶ್ ಎಂದು ಓಡಿಸಿ, “ದನ ಮಾರುವತಿಗೆ ದನದ್ ಹತ್ರ ಯಾರ್ ಕೇಂತ್ರ್” ಎಂದು ಆ ವಿಷಯ ಮುಗಿಸಿದರು.

ನಮ್ಮ ಮೇಳಗಳಲ್ಲಿ ಹಾಗಲ್ಲ. ತಿರುಗಾಟ ಮುಗಿದು ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಮಾತುಕತೆ, ದೀಪಾವಳಿ ಕಳೆದು ತಿರುಗಾಟ ಹೊರಡುವಾಗ ಯಾರು ಯಾವ ಮೇಳದಲ್ಲಿ ಎಂಬುದು ಕರಪತ್ರದಲ್ಲಿ ಗೊತ್ತಾಗುತ್ತದೆ. ಹೊರಡುವುದು ಕಲಾವಿದನ ಕಾಲಿನಲ್ಲೇ. ಅಕ್ಕನ ಟ್ರಂಕಿನಲ್ಲಿ ಅಂಥ ಕರಪತ್ರಗಳ ಒಂದು ಕಟ್ಟೇ ಇದೆ. ಗುಲಾಬಿ, ಹಳದಿ, ಹಸಿರು ಬಣ್ಣದ ತೆಳು ಕಾಗದ, ಮಡಿಚಿದಲ್ಲಿ ಹರಿದದ್ದು. ಅಕ್ಕ ಅವುಗಳನ್ನು ಸಂಗ್ರಹ ಎಂದು ಕರೆಯುವುದಿಲ್ಲ, “ಬಿಸಾಡುಕ್ ಮನಸ್ ಬರ್ಲಿಲ್ಲ” ಎನ್ನುತ್ತಾರೆ.

ಇಷ್ಟು ಹೊತ್ತಿಗೆ ನನ್ನ ಅಳಿಯ ಬಂದ. ಅಕ್ಕನ ಮಗ, ಫ್ಲೆಕ್ಸ್ ಡಿಸೈನ್ ಅವನ ಹೊಟ್ಟೆಪಾಡು. ಮದುವೆಗೆ ಸ್ವಾಗತ, ಜಾತ್ರೆಗೆ ಶುಭಕೋರುವವರು, ಕೊಯ್ಲಾದ ಗದ್ದೆಯಲ್ಲಿ ಹೊನಲು ಬೆಳಕಿನ ಟೆನಿಸ್ ಬಾಲ್ ಟೂರ್ನಮೆಂಟು. ಹತ್ತಡಿ ಅಗಲದ ಬಟ್ಟೆಯಲ್ಲಿ ನಲವತ್ತು ಜನರ ಮುಖವನ್ನು ಯಾರಿಗೂ ಬೇಜಾರಾಗದಂತೆ ಒಂದೇ ಗಾತ್ರದಲ್ಲಿ ಕೂರಿಸಿ ಬಲ್ಲ. ಅಂಥವನಿಗೆ ಎರಡೂವರೆ ಇಂಚಿನ ಕಾರ್ಡು ಕಂಡು ಮೈಮೇಲೆ ಬಂದ ಹಾಗಾಯಿತು. “ಮಾವ, ನಾನೂ ಒಂದ್ ಮಾಡ್ತೆ” ಎಂದ. ಯಾರದ್ದು ಎಂದರೆ ಐಪಿಎಲ್ ಬೌಲರ್ ಹರ್ಷಲ್ ಪಟೇಲ್‌ದು.

ಅವನ ಆಯ್ಕೆಗೆ ನಾನು ತಲೆದೂಗಿದೆ. ಒಟ್ಟಾವಿನೋ ಬಾಸ್ಟನ್ನಿಗೆ ಹೋಗುವ ಐದು ದಿನ ಮೊದಲು, 2021ರ ಜನವರಿ 20ರಂದು, ದಿಲ್ಲಿ ಕ್ಯಾಪಿಟಲ್ಸಿನವರು ಹರ್ಷಲನನ್ನು ಆರ್‌ಸಿಬಿಗೆ ಟ್ರೇಡ್ ಮಾಡಿದ್ದರು, ಜೊತೆಗೆ ಡೇನಿಯಲ್ ಸ್ಯಾಮ್ಸ್‌ನನ್ನೂ. ಗುಜರಾತಿನ ಸಾಣಂದದಲ್ಲಿ ಹುಟ್ಟಿ ಹರಿಯಾಣಕ್ಕೆ ರಣಜಿ ಆಡಿದವನು. 2012ರಿಂದ 2017ರವರೆಗೆ ಮೊದಲೂ ಬೆಂಗಳೂರಿನಲ್ಲೇ ಇದ್ದವನು. ಆಗ ಯಾರೂ ಅಷ್ಟಾಗಿ ಗಮನಿಸಿರಲಿಲ್ಲ. 2018ರ ಹರಾಜಿನಲ್ಲಿ ದಿಲ್ಲಿಯವರು 20 ಲಕ್ಷಕ್ಕೆ ಕೊಂಡಿದ್ದರು. ತಿರುಗಿ ಬಂದ ವರ್ಷ ಮಾತ್ರ, ಕೊನೆಯ ಓವರುಗಳಲ್ಲಿ ಕೈಯಿಂದ ಹೊರಟು ನಡುದಾರಿಯಲ್ಲಿ ನೆನಪು ಮರೆತ ಹಾಗೆ ಕುಸಿಯುವ ಆ ನಿಧಾನದ ಎಸೆತ ಹಿಡಿದುಕೊಂಡು 15 ಪಂದ್ಯದಲ್ಲಿ 32 ವಿಕೆಟ್ ತೆಗೆದ. ಒಂದು ಐಪಿಎಲ್ಲಿನಲ್ಲಿ ಅಷ್ಟು ವಿಕೆಟ್ ಅದಕ್ಕೆ ಮೊದಲು ತೆಗೆದಿದ್ದವ ಡ್ವೇನ್ ಬ್ರಾವೊ ಒಬ್ಬನೇ, 2013ರಲ್ಲಿ.

ಕಾರ್ಡಿನ ಹುಚ್ಚು ನನಗೇನೂ ಹೊಸತಲ್ಲ. ತೊಂಬತ್ತರ ದಶಕದಲ್ಲಿ ಬಿಗ್ ಫನ್ ಬಬಲ್ ಗಮ್ಮಿನ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿತ್ತು. ಒಂದೊಂದರಲ್ಲಿ ಇಷ್ಟು ರನ್, ಇಷ್ಟು ವಿಕೆಟ್ ಎಂದು. ಗಮ್ಮಿನ ಸಿಹಿ ಎರಡು ನಿಮಿಷದಲ್ಲಿ ಹೋಗಿ ರಬ್ಬರು ಉಳಿಯುತ್ತಿತ್ತು. ಚಿತ್ರ ಗಣಿತ ಪುಸ್ತಕದೊಳಗೆ ವರ್ಷಗಟ್ಟಲೆ ಇರುತ್ತಿತ್ತು. ಶ್ರೀನಾಥ್, ಕುಂಬ್ಳೆ, ಪ್ರಸಾದ್ ಸಿಕ್ಕಿದ ದಿನ ಊರಿಡೀ ತಿರುಗಿ ತೋರಿಸಿ ಬರುತ್ತಿದ್ದೆವು. ಕುಂಬ್ಳೆಯ ಒಂದು ಚಿತ್ರಕ್ಕೆ ಹೊರಗಿನ ಇಬ್ಬರು ಬ್ಯಾಟ್ಸ್‌ಮನ್ನರನ್ನು ಕೊಟ್ಟದ್ದಿದೆ. ಅದೂ ಟ್ರೇಡೇ ಅಲ್ಲವೆ, ಯಾರನ್ನೂ ಕೇಳದೆ ಮಾಡಿದ್ದು!

ಈ ಗಮ್ಮಿನ ಉಪಾಯದ ಮೂಲವೂ ಅಮೆರಿಕವೇ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಟಾಪ್ಸ್ ಎಂಬ ಗಮ್ ಕಂಪನಿ 1952ರಲ್ಲಿ ತೆಗೆದ ಬೇಸ್‌ಬಾಲ್ ಕಾರ್ಡಿನ ನಮೂನೆಯೇ ಇವತ್ತಿಗೂ ಎಲ್ಲರಿಗೆ ಮೇಲ್ಪಂಕ್ತಿ. ಎದುರಿಗೆ ಚಿತ್ರ, ಹೆಸರು, ಟೀಮಿನ ಗುರುತು, ಬೆನ್ನಿಗೆ ಜಾತಕ. ಅದನ್ನು ವಿನ್ಯಾಸ ಮಾಡಿದವರಲ್ಲಿ ಮುಖ್ಯನಾದ ಸೈ ಬರ್ಗರ್, ಮಾರಾಟವಾಗದೆ ಗೋದಾಮಿನಲ್ಲಿ ಕೂತಿದ್ದ ಆ ವರ್ಷದ ಕಾರ್ಡುಗಳನ್ನು 1960ರಲ್ಲಿ ದೋಣಿಯಲ್ಲಿ ಹೇರಿಕೊಂಡು ಹೋಗಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿ ಬಂದೆ ಎಂದು ಹೇಳಿಕೊಂಡಿದ್ದ. ಅದೇ ಸರಣಿಯ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಒಂದೇ ಒಂದು ಕಾರ್ಡು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಇದನ್ನು ಹೇಳಿದ್ದೇ ತಪ್ಪಾಯಿತು. ಅಕ್ಕ ಒಟ್ಟಾವಿನೋನನ್ನು ಪಾಗಾರದಿಂದ ಎತ್ತಿ, ಸೆರಗಿನಲ್ಲಿ ಒರೆಸಿ, ಮತ್ತೆ ತುದಿಗೆ ಕಟ್ಟಿಕೊಂಡರು.

ಡಿಸೈನಿಗೆ ಕೂತಾಗ ಮೊದಲ ತಕರಾರು ಅಂಗಿಯದ್ದು. ಟೀಮು ಬದಲಾದವನಿಗೆ ಯಾವ ಅಂಗಿ ತೊಡಿಸಬೇಕು? ಟಾಪ್ಸಿನವರಿಗೂ ಇದೇ ತಲೆನೋವಿತ್ತು. ಕಾರ್ಡು ಅಚ್ಚಿಗೆ ಹೋಗುವ ಹೊತ್ತಿಗೆ ಆಟಗಾರ ಬೇರೆ ಊರಿಗೆ ಹೋಗಿರುತ್ತಿದ್ದ, ಹೊಸ ಫೋಟೋ ಇಲ್ಲ. ಹಳೆ ಫೋಟೋದ ಟೋಪಿಗೇ ಹೊಸ ಬಣ್ಣ ಬಳಿದು ಗುರುತು ಬರೆದುಬಿಡುತ್ತಿದ್ದರು. ಎಪ್ಪತ್ತರ ದಶಕದ ಅಂಥ ಕಾರ್ಡು ನೋಡಿದರೆ ಟೋಪಿ ತಲೆಯ ಮೇಲಿಲ್ಲ, ತಲೆಯ ಎದುರು ತೇಲುತ್ತಿದೆ ಅನಿಸುತ್ತದೆ. 1974ರಲ್ಲಿ ಟೀಮು ಬದಲಾದವರಿಗೆಂದೇ ಬೇರೆ ಕಾರ್ಡು ತೆಗೆದು, ಚಿತ್ರದ ಮೇಲೆಯೇ ‘ಟ್ರೇಡೆಡ್’ ಎಂದು ದಪ್ಪಕ್ಷರದಲ್ಲಿ ಹೊಡೆದರು. ಅದೇ ವರ್ಷ ಸ್ಯಾನ್ ಡಿಯಾಗೊದ ಟೀಮು ಇಡಿಯಾಗಿ ವಾಷಿಂಗ್ಟನ್ನಿಗೆ ಹೋಗುತ್ತದೆಂಬ ಸುದ್ದಿ ನಂಬಿ ಕೆಲವು ಕಾರ್ಡುಗಳಲ್ಲಿ ವಾಷಿಂಗ್ಟನ್ ಎಂದೇ ಅಚ್ಚು ಹಾಕಿದರು. ಟೀಮು ಹೋಗಲೇ ಇಲ್ಲ. ಮದುವೆ ಮುರಿದ ಮೇಲೆ ಆಮಂತ್ರಣ ಉಳಿದ ಹಾಗೆ ಕಾರ್ಡು ಉಳಿಯಿತು.

ಹರ್ಷಲನಿಗೋ ಅಂಗಿ ಒಂದೆರಡಲ್ಲ. ಆರ್‌ಸಿಬಿ 2022ರಲ್ಲಿ ಅವನಿಗೆ 10.75 ಕೋಟಿ ಕೊಟ್ಟಿತು, 2023ರ ನವೆಂಬರಿನಲ್ಲಿ ಕೈಬಿಟ್ಟಿತು. ಮರುತಿಂಗಳೇ ಪಂಜಾಬಿನವರು 11.75 ಕೋಟಿಗೆ ಕೊಂಡರು. ಅಲ್ಲಿ ಹೋದವನು 2024ರಲ್ಲಿ 24 ವಿಕೆಟ್ ತೆಗೆದು, ಅತಿ ಹೆಚ್ಚು ವಿಕೆಟಿನವನಿಗೆ ಸಿಗುವ ನೇರಳೆ ಟೋಪಿಯನ್ನು ಮತ್ತೆ ಹಾಕಿಕೊಂಡ. ಆ ಮೇಲೆ 8 ಕೋಟಿಗೆ ಹೈದರಾಬಾದ್.

“ಎಷ್ಟ್ ಮೇಳ ತಿರ್ಗಿದ ಮಾರಾಯ!” ಎಂದರು ಅಕ್ಕ, ಮೆಚ್ಚುಗೆಯಿಂದಲೇ.

ಅಳಿಯ ಆರ್‌ಸಿಬಿ ಅಂಗಿಯೇ ಎಂದು ಹಟ ಹಿಡಿದ. ನನ್ನ ಮತವೂ ಅದೇ. ಆದರೆ ಅಂಗಿಯ ಮೇಲಿನ ಹೆಸರು? ಟೀಮು ಇಂಗ್ಲಿಷಿನಲ್ಲಿ ‘ಬ್ಯಾಂಗಲೋರ್’ ಬಿಟ್ಟು ‘ಬೆಂಗಳೂರು’ ಆದದ್ದು 2024ರ ಮಾರ್ಚಿನಲ್ಲಿ. ಹರ್ಷಲ್ ಅಷ್ಟರೊಳಗೆ ಹೊರಟಾಗಿತ್ತು. ಅವನು ಬೆಂಗಳೂರಿನವನಾಗಿ ಆಡಲೇ ಇಲ್ಲ, ಬ್ಯಾಂಗಲೋರಿನವನಾಗಿ ಆಡಿದ್ದು! ಈ ಸೂಕ್ಷ್ಮದ ಮೇಲೆ ನಾವಿಬ್ಬರೂ ಅರ್ಧ ಗಂಟೆ ಕಾದಾಡಿದೆವು. ಕಡೆಗೆ ಅಕ್ಕ, “ಕನ್ನಡದಂಗ್ ಬರೂದಲ್ದಾ? ಕನ್ನಡದಂಗ್ ಅದ್ ಯಾವತ್ತ್ ಬ್ಯಾಂಗಲೋರ್ ಆಯಿದಿತ್?” ಎಂದು ಕೇಳಿದರು. ನಮ್ಮ ವಾದ ಅಲ್ಲಿಗೇ ಬಿದ್ದುಹೋಯಿತು.

ಕನ್ನಡದಲ್ಲಿ ಬರೆಯುವುದೇನೋ ಸರಿ, ಕಂಪ್ಯೂಟರು ಒಪ್ಪಬೇಕಲ್ಲ. ‘ಹರ್ಷಲ್’ ಎಂಬಲ್ಲಿ ಅರ್ಕಾವೊತ್ತು. ಮೊಬೈಲಿನಿಂದ ಯುನಿಕೋಡ್ ಅಕ್ಷರ ತಂದು ಫೋಟೋಶಾಪಿಗೆ ಹಾಕಿದರೆ, ಒಳಗಿನ ಒಂದು ಸೆಟ್ಟಿಂಗು ಬದಲಿಸದಿದ್ದರೆ, ಅರ್ಕಾವೊತ್ತು ಹೋಗಿ ರಕಾರ ಬೇರೆ, ಷಕಾರ ಬೇರೆ ಆಗಿ ನಿಲ್ಲುತ್ತದೆ, ಜಗಳವಾಡಿದ ಅಣ್ಣತಮ್ಮಂದಿರ ಹಾಗೆ. ಹಳೆಯ ನುಡಿ ಅಕ್ಷರಕ್ಕೆ ಬದಲಿಸಿದರೆ ಸರಿಯಾಗುತ್ತದೆ, ಆದರೆ ಆ ಅಕ್ಷರದ ರೂಪ ಎಲ್ಲವೂ ಮದುವೆ ಕಾಗದದ್ದು. ಅಳಿಯ ಆ ಒಂದು ಹೆಸರನ್ನು ಕೈಯಲ್ಲೇ ಬರೆದ. ಮುಖವನ್ನೂ ಕೈಯಲ್ಲೇ ಬಿಡಿಸಿದ. ಇನ್ನೊಬ್ಬರು ತೆಗೆದ ಫೋಟೋ ಎತ್ತಿ ಹಾಕುವುದು ಬೇಡ, ಟೀಮಿನ ಸಿಂಹವೂ ಬೇಡ, ನಾವೇನು ಮಾರುವವರೇ ಎಂದು ನಾನೇ ತಡೆದಿದ್ದೆ. ಮೂಗು ಸ್ವಲ್ಪ ನಮ್ಮ ಕಡೆಯವರ ಮೂಗಿನ ಹಾಗೆ ಬಂತು. ಬಿಟ್ಟೆವು.

ದೊಡ್ಡ ಜಗಳ ಬೆನ್ನಿನ ಬರಹದ್ದು. ಅಳಿಯ ಬರೆದುಕೊಂಡು ಬಂದದ್ದು ಇಷ್ಟು: 2021ರ ಏಪ್ರಿಲ್ 9, ಚೆನ್ನೈ, ಮುಂಬೈ ಎದುರು 27 ರನ್ನಿಗೆ 5 ವಿಕೆಟ್, ಕೊನೆಯ ಎಸೆತದಲ್ಲಿ ಗೆಲುವಿನ ರನ್ನೂ ಅವನದೇ. ಸೆಪ್ಟೆಂಬರ್ 26, ದುಬೈ, ಅದೇ ಮುಂಬೈ ಎದುರು ಹಾರ್ದಿಕ್ ಪಾಂಡ್ಯ, ಪೊಲಾರ್ಡ್, ರಾಹುಲ್ ಚಾಹರ್, ಸಾಲಾಗಿ ಮೂವರು, ಹ್ಯಾಟ್ರಿಕ್. ಒಟ್ಟು 32.

“ಏಪ್ರಿಲ್ 25 ಎಲ್ಲಿ?” ಎಂದೆ.

ಅಳಿಯ ಮುಖ ಸಿಂಡರಿಸಿದ. ಏಪ್ರಿಲ್ 25, ವಾಂಖೆಡೆ, ಚೆನ್ನೈ ಎದುರು. ಮೊದಲ ಮೂರು ಓವರಿನಲ್ಲಿ 14 ರನ್ನಿಗೆ 3 ವಿಕೆಟ್ ತೆಗೆದಿದ್ದ. ಇಪ್ಪತ್ತನೇ ಓವರು ಮತ್ತೆ ಅವನಿಗೇ. ಎದುರು ರವೀಂದ್ರ ಜಡೇಜ. ಸಿಕ್ಸ್, ಸಿಕ್ಸ್, ನೋಬಾಲಿನಲ್ಲೂ ಸಿಕ್ಸ್, ಮತ್ತೊಂದು ಸಿಕ್ಸ್, ಎರಡು, ಇನ್ನೊಂದು ಸಿಕ್ಸ್, ನಾಲ್ಕು. ಒಂದೇ ಓವರಿನಲ್ಲಿ 37. ನಾಲ್ಕು ಓವರಿನ ಲೆಕ್ಕ 51ಕ್ಕೆ 3 ಎಂದು ಮುಗಿಯಿತು. ಐಪಿಎಲ್ಲಿನಲ್ಲಿ ಒಂದು ಓವರಿಗೆ 37 ಕೊಟ್ಟವನು ಅಲ್ಲಿಗೆ ಇನ್ನೊಬ್ಬನೇ ಇದ್ದ. ಕೊಚ್ಚಿಯ ಪ್ರಶಾಂತ್ ಪರಮೇಶ್ವರನ್, 2011ರಲ್ಲಿ, ಹೊಡೆದವನು ನಮ್ಮವನೇ ಆಗಿದ್ದ ಕ್ರಿಸ್ ಗೇಲ್, ಚಿನ್ನಸ್ವಾಮಿಯಲ್ಲಿ. ಆ ಸಂಜೆ ಟಿವಿ ಎದುರು ಕುಣಿದವರಲ್ಲಿ ನಾನೂ ಒಬ್ಬ. ಪರಮೇಶ್ವರನ್ ಆ ರಾತ್ರಿ ಹೇಗೆ ಊಟ ಮಾಡಿದ ಎಂದು ಆಗ ಯೋಚಿಸಿದವನಲ್ಲ.

“ಮಾವ, ಇದ್ ಗೌರವಕ್ ಮಾಡುದ್. ಮರ್ಯಾದಿ ತೆಗುಕಲ್ಲ” ಎಂದ ಅಳಿಯ. ಅವನ ಕಸುಬೇ ಹಾಗೆ. ಫ್ಲೆಕ್ಸಿನಲ್ಲಿ ಯಾರ ಸೋಲೂ ಇರುವುದಿಲ್ಲ. ಎಲ್ಲರೂ ಹೆಮ್ಮೆಯ ಪುತ್ರರು, ಎಲ್ಲರೂ ಕೊಡುಗೈ ದಾನಿಗಳು.

ನಾನು ಬೇಸ್‌ಬಾಲ್ ಕಾರ್ಡಿನ ಕಡೆ ವಾದಿಸಿದೆ. ಒಟ್ಟಾವಿನೋನದ್ದನ್ನೇ ತೆಗೆದು ನೋಡು, ಗೆದ್ದದ್ದೆಷ್ಟು, ಸೋತದ್ದೆಷ್ಟು ಎಂದು ಜೊತೆಜೊತೆಯಾಗಿ ಅಚ್ಚಾಗಿದೆ, ಅದಕ್ಕೆಂದು ಯಾರೂ ಅದನ್ನು ಅವಮಾನ ಎನ್ನುವುದಿಲ್ಲ. ಅಳಿಯ ಒಪ್ಪಲಿಲ್ಲ. ಒಪ್ಪಿಸಿದ್ದು ಅಕ್ಕ, ಅದೂ ಕ್ರಿಕೆಟ್ಟಿನ ಗಂಧಗಾಳಿ ಇಲ್ಲದೆ.

ಅಕ್ಕ ಸಣ್ಣವರಿರುವಾಗ ಕಂಡ ಒಂದು ಆಟದ ಸಂಗತಿ. ಪುಂಡುವೇಷದ ಒಬ್ಬರು ಕೇದಗೆ ಮುಂದಲೆ ಎಂಬ ತಲೆಕಟ್ಟು ಕಟ್ಟಿ ರಂಗಸ್ಥಳಕ್ಕೆ ಬಂದು ಧೀಂಗಣ ತೆಗೆಯುವಾಗ ಮುಂದಲೆ ಸಡಿಲಿ ಕಣ್ಣ ಮೇಲೆ ಬಂತಂತೆ. ಜನ ನಕ್ಕರು. ಅವರು ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಪದ ಮುಗಿಯುವವರೆಗೆ ಕುಣಿದರು, ಆ ಹಿಡಿದ ಕೈಯೂ ವೇಷದ್ದೇ ಅನ್ನುವ ಹಾಗೆ. ಮಾರನೇ ರಾತ್ರಿ ಪಕ್ಕದೂರಿನ ಆಟದಲ್ಲಿ ಮತ್ತೆ ಅದೇ ವೇಷ, ಅದೇ ಮುಂದಲೆ. ಅಕ್ಕ ಅಪ್ಪನ ಬೆನ್ನು ಹತ್ತಿ ಅಲ್ಲಿಗೂ ಹೋಗಿದ್ದರು, ಜಾರುತ್ತದೋ ಇಲ್ಲವೋ ಕಾಣಲು. ಜಾರಲಿಲ್ಲ.

“ಆ ಮೇಳದಂಗ್ ಅವತ್ತ್ ಎಷ್ಟ್ ಜನ ವೇಷಧಾರಿಗಳಿದ್ದಿರ್? ಒಬ್ರ್ ಮುಖವೂ ನೆನ್ಪಿಲ್ಲ ನಂಗೆ. ಇವ್ರ್ ಒಬ್ರೇ ನೆನ್ಪಿಪ್ದ್. ಜಾರಿದ್ ಬಿಟ್ಟ್ ಇವ್ರ್ ಕತಿ ಹ್ಯಾಂಗ್ ಹೇಳುದ್ ನಾನ್?”

ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಮತ್ತೆ, “ಸಣ್ಣ ಅಕ್ಷರದಂಗ್ ಹಾಕ್ತೆ” ಎಂದ. ಸಣ್ಣದೂ ಬೇಡ, ದೊಡ್ಡದೂ ಬೇಡ, ಐದು ವಿಕೆಟಿಗೆ ಎಷ್ಟು ದೊಡ್ಡದೋ ಅಷ್ಟೇ ಇರಲಿ ಎಂದು ತೀರ್ಮಾನವಾಯಿತು. ಕಾರ್ಡಿನ ಬೆನ್ನಿನಲ್ಲಿ ಈಗ ಏಪ್ರಿಲ್ 9 ಮತ್ತು ಏಪ್ರಿಲ್ 25 ಒಂದರ ಕೆಳಗೊಂದು ಇವೆ, ಹದಿನಾರು ದಿನದ ಅಂತರ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಹದಿನೆಂಟು ವರ್ಷ ಕಾದು ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಕಪ್ ಎತ್ತಿದ್ದನ್ನು ಹಾಕಬೇಕೆ ಎಂದು ಅಳಿಯ ಕೇಳಿದ. ಹರ್ಷಲ್ ಆ ರಾತ್ರಿ ಎರಡೂ ಕಡೆ ಇರಲಿಲ್ಲ. ಬೇಡ ಎಂದೆ. ಆ ಜಾಗ ಖಾಲಿಯೇ ಇದೆ, ಒಂದೂವರೆ ಗೆರೆಯಷ್ಟು.

ಬ್ರಹ್ಮಾವರದ ಒಂದು ಪ್ರೆಸ್ಸಿಗೆ ಕೊಟ್ಟೆವು. 300 ಜಿಎಸ್ಎಂ ಕಾಗದ, ಹೊಳಪಿಲ್ಲದ ಲ್ಯಾಮಿನೇಶನ್. ಸುತ್ತಲೂ ಮೂರು ಮಿಲಿಮೀಟರ್ ಬಣ್ಣ ಹೆಚ್ಚು ಬಿಟ್ಟು ಕಳಿಸಬೇಕು, ಇಲ್ಲವಾದರೆ ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೀಟು ಉಳಿಯುತ್ತದೆ. ಎಷ್ಟು ಕಾಪಿ ಎಂದು ಅಲ್ಲಿಯವರು ಕೇಳಿದರು, ಕಡಿಮೆಯೆಂದರೆ ನೂರು. ಮೂರು ಎಂದ ಅಳಿಯ. ಅವರು ಅವನ ಮುಖ ನೋಡಿ, ಯಾವುದೋ ಮದುವೆ ಕಾಗದದ ಶೀಟಿನ ಮೂಲೆಯಲ್ಲಿ ಸೇರಿಸಿ ತೆಗೆದುಕೊಟ್ಟರು. ಲಕೋಟೆ ಸಂಜೆಯ ಬಸ್ಸಿನ ಕಂಡಕ್ಟರ ಕೈಯಲ್ಲಿ ಬಂತು.

ಅಂಚಿನಲ್ಲಿ ಬಿಳಿ ಗೀಟು ಇತ್ತು, ಬಲಗಡೆ ಮಾತ್ರ.

ಒಂದು ಅಳಿಯನಿಗೆ, ಒಂದು ನ್ಯೂಜೆರ್ಸಿಗೆ, ಒಟ್ಟಾವಿನೋನ ಜೊತೆಗೆ ಲಕೋಟೆಯಲ್ಲಿ. ಇನ್ನೊಂದನ್ನು ಪಾಗಾರದ ಮೇಲಿಟ್ಟೆ. ಅಕ್ಕ ತಿರುಗಿಸಿ ತಿರುಗಿಸಿ ನೋಡಿದರು, 37ರ ಮೇಲೆ ಬೆರಳಿಟ್ಟು ಇದೆಯೆಂದು ಖಾತ್ರಿ ಮಾಡಿಕೊಂಡರು, ಮೂಗಿನ ಬಗ್ಗೆ ಏನೂ ಹೇಳಲಿಲ್ಲ. ಒಳಗೆ ಹೋಗಿ ಟ್ರಂಕು ತೆರೆದ ಸದ್ದು ಕೇಳಿಸಿತು. ಹೊರಗೆ ಬರುವಾಗ ಹೆಗಲ ಮೇಲೆ ಶಾಲು, ಕೈಯಲ್ಲಿ ಟಾರ್ಚು, ಕಂಕುಳಲ್ಲಿ ಸುತ್ತಿದ ಚಾಪೆ.

“ಇವತ್ತ್ ಮೇಲ್ಮನಿಯರ್ ಹರ್ಕಿ ಆಟ. ನಾ ಹೋತೆ. ಇಬ್ಬನಿ ಬೀಳುದ್ರೊಳ್ಗ್ ಆ ಅಡ್ಕಿ ಒಂಚೂರ್ ಒಟ್ ಮಾಡಿ ಇಡ್ಸ್, ಆಯ್ತಾ?”